ದೀಪದ ಮುಂದೊಂದು ಸೀನು

ಕಾಫಿ ಕುಯ್ಲು ಮುಗಿದಿತ್ತು, ಮೆಣಸು ಕುಯ್ಯಲು ಆಳು ಸಿಕ್ಕಿರಲಿಲ್ಲ. ಬಾಳ್ಳುಪೇಟೆಯವನೊಬ್ಬ ಮೈಸೂರಿಗೆ ಹೋಗಿ ಚಿತ್ರಕಲೆ ನೋಡುವುದಾದರೆ ಇಂಥ ಸಂಧಿಕಾಲದಲ್ಲೇ. ಭಾಮೈದನ ಮನೆಯಲ್ಲಿ ಎರಡು ದಿನ ಕೂತು ಅವನ ಹೊಸ ಸೋಫಾ ಹೊಗಳಿದ ಮೇಲೆ ಮಾಡಲು ಬೇರೇನೂ ಉಳಿಯದೆ ಜಗನ್ಮೋಹನ ಅರಮನೆಗೆ ಹೊರಟೆವು.

1861ರ ಅರಮನೆ, 1915ರಿಂದ ಚಿತ್ರಶಾಲೆ. ಅಕ್ಕಿಕಾಳಿನ ಮೇಲೆ ಬಿಡಿಸಿದ ಚಿತ್ರ ನೋಡಿದೆ. ನಮ್ಮನೆ ಅಕ್ಕಿಯಲ್ಲಿ ನುಸಿ ಅಷ್ಟು ಜಾಗ ಬಿಟ್ಟಿರುವುದಿಲ್ಲ. ರವಿವರ್ಮನ ದೇವತೆಗಳ ಮುಂದೆ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಒಂದು ಕಾಲಿನದನ್ನು ಅರ್ಧ ಕಳಚಿಕೊಂಡೇ ಮುಂದೆ ನಡೆದೆ. ಫ್ರೆಂಚ್ ಗಡಿಯಾರದ ಪುಟ್ಟ ಸಿಪಾಯಿಗಳು ಕವಾಯತಿಗೆ ಬರುವವರೆಗೆ ಕಾಯಲು ಭಾಮೈದ ಬಿಡಲಿಲ್ಲ. ‘ಬನ್ನಿ ಭಾವ, ದೀಪದ ಹೆಂಗಸು ನೋಡೋಣ. ರವಿವರ್ಮಂದು.’

ಅದು ರವಿವರ್ಮನದಲ್ಲ. ಬರೆದವರು ಹಳದಣಕರ್. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಈ ಚಿತ್ರ ಬಂದದ್ದು ಸುಮಾರು ನಲವತ್ತು ವರ್ಷದ ಮೇಲೆ. ದೀಪ ಹಿಡಿದು ನಿಂತವಳು ಕಲಾವಿದರ ಮಗಳೇ. ಇಷ್ಟನ್ನೂ ಹೇಳಿದೆ. ‘ಇರಬಹುದು ಭಾವ, ಆದ್ರೂ ರವಿವರ್ಮಂದೇ’ ಅಂದ. ಮೈಸೂರಿನವರ ಜೊತೆ ಮೈಸೂರಿನ ವಿಷಯ ಮಾತಾಡಬಾರದು.

ಮಬ್ಬುಗತ್ತಲಲ್ಲಿ ಅವಳು ನಿಂತಿದ್ದಳು. ದೀಪಕ್ಕೆ ಅಂಗೈ ಮರೆ, ಬೆರಳ ಸಂದಿಯಲ್ಲಿ ಕೆಂಪು, ಮುಖದ ಮೇಲೆ ಬೆಳಕು. ಬರೀ ನೀರುಬಣ್ಣ ಅಂತ ಗೊತ್ತಿದ್ದರೂ ಹಿಂದೆ ಬಲ್ಬ್ ಇದೆಯೇನೋ ಎಂದು ಬಗ್ಗಿ ನೋಡಿದೆ. ಆಗ ಬಂತು, ಸೀನು.

ನಮ್ಮ ಮನೆತನದ ಸೀನು ಸಾಮಾನ್ಯದ್ದಲ್ಲ. ಮೂರು ತಿಂಗಳು ಕಣದ ಧೂಳು ಕುಡಿದ ಮೂಗು. ಸಂತೆಯಲ್ಲಿ ಸೀನಿದರೆ ತರಕಾರಿಯವಳು ತಕ್ಕಡಿ ಬಿಡುತ್ತಾಳೆ. ಆನೆ ಓಡಿಸಲು ಪಟಾಕಿ ಸಾಲದ ರಾತ್ರಿ ನನ್ನನ್ನು ಕರೆಯಬೇಕು ಎಂದು ಪಕ್ಕದ ತೋಟದವರು ಆಡಿಕೊಳ್ಳುವುದುಂಟು. ಅಂಥದ್ದು ಮೂಗಿನ ಬುಡದಿಂದ ಹೊರಟಿತು. ಮೊದಲು ಉಸಿರು ಕಟ್ಟಿದೆ. ಮೂಗು ಹಿಂಡಿದೆ. ನಾಲಿಗೆಯನ್ನು ಅಂಗಳಕ್ಕೆ ಒತ್ತಿದೆ. ಕಣ್ಣಲ್ಲಿ ನೀರು ತುಂಬಿ ಒಂದು ದೀಪ ಎರಡಾಯಿತು. ಭಾಮೈದ ನನ್ನ ಕಲಾಭಿಮಾನಕ್ಕೆ ಮೆಚ್ಚಿ ಬೆನ್ನು ತಟ್ಟಿದ. ಅಲ್ಲಿಗೆ ಕಟ್ಟೆ ಒಡೆಯಿತು. ನಾನು ಮಾಡಿದ್ದೇನು ಗೊತ್ತೆ? ಎಡಗೈಯನ್ನು ದೀಪಕ್ಕೆ ಅಡ್ಡ ಹಿಡಿದೆ! ನನ್ನ ಬಾಯಿಗಲ್ಲ, ಚೌಕಟ್ಟಿನೊಳಗಿನ ದೀಪಕ್ಕೆ. ಹಿಡಿದುಕೊಂಡೇ ಗಿರಕಿ ಹೊಡೆದು ಬಾಗಿಲ ಕಡೆ ಮುಖ ಮಾಡಿ ಸೀನಿದೆ. ಶಾಲಾ ಮಕ್ಕಳ ಸಾಲು ಹಿಂದಕ್ಕೆ ಸರಿಯಿತು. ಆಮೇಲೆ ಮೆಲ್ಲಗೆ ತಿರುಗಿ ದೀಪ ನೋಡಿದೆ.

‘ಆರಿಲ್ಲ ಅಂಕಲ್’ ಅಂತು ಒಂದು ಹುಡುಗಿ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಕೈ ನನ್ನದಾಗಿರಲಿಲ್ಲ, ಅವ್ವನದು. ಆಷಾಢದ ಮಳೆಗೆ ವಾರಗಟ್ಟಲೆ ಕರೆಂಟಿಲ್ಲದ ಕಾಲ. ಅಡುಗೆಮನೆಯಿಂದ ಕೊಟ್ಟಿಗೆಗೆ ಬುಡ್ಡಿ ಹಿಡಿದು ಅವ್ವ ಹೋಗುವಾಗ ಬೆರಳೆಲ್ಲ ಹೀಗೇ ಕೆಂಪಗಿರುತ್ತಿತ್ತು. ಮುಖ ಹೇಗಿರುತ್ತಿತ್ತೋ, ನಾವು ನೋಡುತ್ತಿದ್ದುದು ಬೆಳಕು ಬಿದ್ದ ದಾರಿಯನ್ನು. ಅವ್ವನದೆಂದು ಉಳಿದಿರುವುದು ಮತದಾರರ ಚೀಟಿಯ ಫೋಟೊ ಒಂದೇ. ಅದರಲ್ಲಿ ಮುಖವಿರಬೇಕಾದಲ್ಲಿ ಕರಿ ಮಸಿ.

ಹೊರಗೆ ಭಾಮೈದ ಆ ಚಿತ್ರದ ಒಂದು ಪ್ರಿಂಟ್ ಕೊಡಿಸಿದ, ಸೀನಿನ ನೆನಪಿಗೆ. ಈಗ ನಮ್ಮ ಹಾಲಿನಲ್ಲಿದೆ. ಬಂದವರು ‘ರವಿವರ್ಮಂದಾ?’ ಅಂತಾರೆ. ಹೂಂ ಅಂತೀನಿ, ಕಾಫಿ ಆರುತ್ತಿರುತ್ತದಲ್ಲ. ಮಳೆಗಾಲದಲ್ಲಿ ಕರೆಂಟು ಹೋದ ಕೂಡಲೇ ಆರುವುದು ಮೊದಲು ಅವಳ ದೀಪವೇ. ಆಮೇಲೆ ಒಳಗಿನಿಂದ ಹೆಂಡತಿಯ ದನಿ: ‘ಬೆಂಕಿಪೊಟ್ಣ ಎಲ್ಲಿಟ್ರಿ?’