ಅಟ್ಟದ ಒಕ್ಕಲು

ಅಜ್ಜನ ಹಳೇ ಮನೆ ಮಾರೋಣವೆಂದರೆ ಅಟ್ಟದ ಮೋಹಿನಿ ಬಿಡಬೇಕಲ್ಲ! ಮಂತ್ರವಾದಿಗಳು ನಿಂಬೆಹಣ್ಣು ಕುಯ್ದು, ಬೇವಿನಸೊಪ್ಪು ಬೀಸಿದ್ದೇ ತಡ, ಅವಳು ಚಿಕ್ಕಮ್ಮನ ಮೈಮೇಲೆ ಬಂದು ಕಾನೂನು ಮಾತಾಡತೊಡಗಿದಳು. 1963ರ ಕಾಲಮಿತಿ ಕಾಯ್ದೆಯಂತೆ, 12 ವರ್ಷ ಬಹಿರಂಗವಾಗಿ ಸ್ವಾಧೀನದಲ್ಲಿದ್ದರೆ ಮಾಲೀಕರು ಬಾಯಿ ಮುಚ್ಚಿಕೊಂಡಿರಬೇಕಂತೆ. ಬಹಿರಂಗಕ್ಕೆ ಸಾಕ್ಷಿ? ಊರಿಗೆಲ್ಲ ಕೇಳುವ ಗೆಜ್ಜೆ ಸದ್ದು. (ಚಿಕ್ಕಪ್ಪ ವಕೀಲರು, ಅವರ ಗೊಣಗಾಟ ಕೇಳಿಯೇ ಕಲಿತಿರಬೇಕು, ಪಾಪ.) 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ನನಗೆ ಹೊಳೆಯಿತು. ಅದು ಹೊರಗಿನಿಂದ ಬರುವವಳಿಗಾಯಿತು. ಒಳಗೇ ಬೀಡುಬಿಟ್ಟವಳಿಗೆ ಏನು ಬರೆಯುವುದು? ‘ಬಾಕಿ ಕರೆಂಟ್ ಬಿಲ್ಲಾದರೂ ಕಟ್ಟಮ್ಮ’ ಎಂದೆ. ‘ನಾನು ಕತ್ತಲಲ್ಲೇ ಇರೋದು, ದೀಪ ಹಚ್ಚಿದವರು ನೀವು’ ಎಂದಳು. ನಾನು ಸುಮ್ಮನಾದೆ. ಮಂತ್ರವಾದಿಗಳು ದಕ್ಷಿಣೆ ಎಣಿಸಿಕೊಂಡು, ತಮ್ಮ ತೋಟದ ಬೇಲಿ ತಕರಾರಿನ ಕಾಗದಪತ್ರ ಬಿಚ್ಚಿ ಅವಳ ಮುಂದೆ ಹರಡಿದರು.