ಕಾಕಾನ ಮೇಲ್ ಐಡಿ

ನಮ್ಮೂರು ಬಿ.ಗುಡಿಯಲ್ಲಿ ಮಾತು ಶುರುವಾಗುವುದೇ ಕಾಲುವೆಯಿಂದ. ನಾರಾಯಣಪುರದಿಂದ ನೀರು ಬಿಟ್ಟರಾ, ಟೇಲ್‌ಎಂಡಿಗೆ ಮುಟ್ಟಿತಾ, ಇದೆಲ್ಲ ಮುಗಿದ ಮೇಲೆ ಉಳಿದ ಜಗತ್ತು. ಕಾಲುವೆ ಆಫೀಸಿನಿಂದ ನಿವೃತ್ತರಾದ ಪಕ್ಕದ ಮನೆ ಕಾಕಾ ಮಾತ್ರ ಮೊನ್ನೆ ನೀರಿನ ಸುದ್ದಿ ಎತ್ತದೆ ಬೇಲಿಗೆ ಕೈಯೂರಿ ಕೇಳಿದರು, "ತಮ್ಮಾ, ನನ್ನ ಮೇಲ್ ಐಡಿ ಏನದ?"

"ನಿಮ್ಮದು ನನಗ ಹ್ಯಾಂಗ ಗೊತ್ತಿರ್ತದ್ರಿ ಕಾಕಾ?"

"ಪ್ಯಾನ್ ಕಾರ್ಡ್ ಮಾಡಿಸೋ ಮುಂದ ಆನ್‌ಲೈನ್ ಸೆಂಟರ್ ಹುಡುಗ ಮಾಡಿಕೊಟ್ಟಿದ್ದ. ಪಾಸ್‌ವರ್ಡ್ ಅವನ ಹತ್ರನೇ ಅದ. ಅಂವ ಈಗ ಬೆಂಗಳೂರಿಗೆ ದುಡಿಲಾಕ ಹೋಗ್ಯಾನ."

ನಮ್ಮ ಕಡೆ ಬಹಳ ಮಂದಿಯ ಮೇಲ್ ಹೀಗೇ ಹುಟ್ಟಿದ್ದು. ಅರ್ಜಿಯಲ್ಲಿ ಆ ಖಾನೆ ಖಾಲಿ ಬಿಡಲು ಬರುವುದಿಲ್ಲವೆಂದು ಸೆಂಟರಿನವರು ಒಂದು ತಯಾರು ಮಾಡುತ್ತಾರೆ. ಹುಡುಗನನ್ನು ಬೈದು ಫಾಯಿದೆ ಇಲ್ಲ, ಪಾಳಿ ಹಚ್ಚಿ ನಿಂತವರ ಗದ್ದಲದಲ್ಲಿ ಅವನಿಗೆ ಅದೊಂದು ಕೆಲಸ. ಆದರೆ ಬ್ಯಾಂಕು, ಆದಾಯ ತೆರಿಗೆ, ಮೊಮ್ಮಗಳ ಕಾಲೇಜು, ಎಲ್ಲದರ ಕಾಗದ ಬರುವುದು ಅಲ್ಲಿಗೇ.

ಪುಣ್ಯಕ್ಕೆ ಕಾಕಾನ ಫೋನಿನಲ್ಲಿ ಜಿಮೇಲ್ ತೆರೆದೇ ಇತ್ತು. ಮೇಲೆ ಬಲಗಡೆಯ ದುಂಡನೆ ಚಿತ್ರ ಒತ್ತಿದರೆ ಐಡಿ ಕಾಣುತ್ತದೆ. ಪಾಸ್‌ವರ್ಡ್ ಮರೆತಿದೆ ಎಂದರೆ, ಹೆಚ್ಚಾಗಿ, ಫೋನಿನ ಲಾಕ್ ಕೇಳಿಯೇ ಹೊಸದು ಹಾಕಲು ಬಿಡುತ್ತದೆ. ಆಮೇಲೆ ಖಾತೆಯಲ್ಲಿರುವ ಆ ಹುಡುಗನ ಮೊಬೈಲ್ ನಂಬರ್ ತೆಗೆದು ತಮ್ಮದು ಸೇರಿಸಬೇಕು, ಸೆಂಟರಿನ ಕಂಪ್ಯೂಟರ್ ಇನ್ನೂ ಲಾಗಿನ್ ಆದ ಸಾಧನಗಳ ಪಟ್ಟಿಯಲ್ಲಿದ್ದರೆ ಅದನ್ನೂ ಹೊರಗೆ ಹಾಕಬೇಕು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂದಾಗ ಕಾಕಾ ಸ್ವಲ್ಪ ಗಾಬರಿಯಾದರು.

"ಅದೆಲ್ಲ ಖರೆ, ಆದ್ರ ಕಾಲೇಜಿನವ್ರು ಕಳಿಸಿದ್ದು ಬಂದೇ ಇಲ್ಲಲ್ಲ?"

ಬರುವುದು ಹೇಗೆ? ಜಾಗ ತುಂಬಿಹೋಗಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಜಿಬಿ ಕೊಡುತ್ತೇನೆಂದಾಗ ಜನ ಏಪ್ರಿಲ್ ಫೂಲ್ ಅಂದುಕೊಂಡಿದ್ದರಂತೆ. ಆಗ ಹಾಟ್‌ಮೇಲ್‌ನಲ್ಲಿ ಪುಕ್ಕಟೆ ಸಿಗುತ್ತಿದ್ದುದು ಎರಡೇ ಎಂಬಿ. ಆ ಹಾಟ್‌ಮೇಲ್ ಅನ್ನು 1996ರಲ್ಲಿ ಜ್ಯಾಕ್ ಸ್ಮಿತ್ ಜೊತೆ ಸೇರಿ ಕಟ್ಟಿದ ಸಬೀರ್ ಭಾಟಿಯಾ ಬೆಂಗಳೂರಿನ ಶಾಲೆಯಲ್ಲಿ ಓದಿದವರು ಎಂದೆ. "ಹಂಗಾದ್ರ ನಮ್ಮಾವನೇ ಬಿಡು," ಅಂದರು ಕಾಕಾ.

ಗೂಗಲ್ ಖಾತೆಗೆ ಈಗ ಪುಕ್ಕಟೆ 15 ಜಿಬಿ ಇದೆ. ಆದರೆ ಮೇಲ್, ಡ್ರೈವ್, ಫೋಟೊಸ್, ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲಕ್ಕೂ ಕೂಡಿ ಅಷ್ಟೇ. ಕಾಕಾನ ವಾಟ್ಸ್‌ಆ್ಯಪಿನಲ್ಲಿ ಬೆಳಗಾದರೆ ಶುಭೋದಯ, ರಾತ್ರಿಯಾದರೆ ಶುಭರಾತ್ರಿ, ನಡುವೆ ಬಸವಣ್ಣನವರ ಪಟ, ಮದುವೆ ವಿಡಿಯೊ.

"ಕಾಕಾ, ಹೂಳು ತುಂಬಿದ ಕಾಲುವಿಗಿ ಮ್ಯಾಲಿಂದ ನೀರು ಬಿಟ್ರ ಕೆಳಗ ಹರಿತದೇನ್ರಿ?"

ಇಷ್ಟು ಸಾಕಾಯಿತು. ಜೀವನವಿಡೀ ಹೂಳಿನ ಎಸ್ಟಿಮೇಟ್ ಕಂಡವರು ತಾವೇ ಗುದ್ದಲಿ ಹಿಡಿದರು. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಲಾರ್ಜರ್' ಎಂದು ಬರೆದು, ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟು, ಜಾಗ ಬಿಡದೆ 10 ಮತ್ತು 'ಎಂ' ಸೇರಿಸಿದರೆ ಹತ್ತು ಎಂಬಿಗಿಂತ ದೊಡ್ಡ ಮೇಲ್‌ಗಳೆಲ್ಲ ಎದುರಿಗೆ ಬಂದು ನಿಲ್ಲುತ್ತವೆ. ಅಳಿಸಿದರೂ ಕಸದ ಡಬ್ಬಿಯಲ್ಲಿ 30 ದಿನ ಕೂತಿರುತ್ತವೆ, ಅದನ್ನೂ ಬರಿದು ಮಾಡಬೇಕು. ಕಳಿಸಿದ ಮೇಲ್ ಅನ್ನು 30 ಸೆಕೆಂಡಿನ ತನಕ ಹಿಂದಕ್ಕೆ ಎಳೆಯುವ ಸೆಟ್ಟಿಂಗೂ ಇದೆ ಎಂದರೆ ಕಾಕಾ ನಂಬಲಿಲ್ಲ. "ನಮ್ಮ ಜಾವಕದಾಗ ನಂಬರ್ ಬಿದ್ದ ಟಪಾಲು ಒಂದೂ ವಾಪಸ್ ಬರ್ತಿದ್ದಿಲ್ಲ!"

ಕೊನೆಗೆ ಹೊಸ ಪಾಸ್‌ವರ್ಡ್. ಯಾರಿಗೂ ಹೇಳಬಾರದು, ಹೆಸರು-123 ನಮೂನೆ ಬೇಡ, ಬರೆದಿಡುವುದಾದರೆ ಟ್ರಂಕಿನಲ್ಲಿ, ಗೋಡೆಯ ಕ್ಯಾಲೆಂಡರಿನ ಮೇಲಲ್ಲ ಎಂದೆ. ಕಾಕಾ ಬಹಳ ಹೊತ್ತು ಯೋಚಿಸಿದರು. ಬೇಲಿಯಿಂದ ಒಳಗಡೆ ತಿರುಗಿ, ಕಾಲುವೆಯ ಆ ದಂಡೆಯಲ್ಲಿದ್ದವರಿಗೂ ಕೇಳುವ ದನಿಯಲ್ಲಿ ಮೊಮ್ಮಗಳಿಗೆ ಅಕ್ಷರ ಬಿಡಿಬಿಡಿಸಿ ಹೇಳಿ ಬರೆಸತೊಡಗಿದರು.

ಹಿಂದಿನ ಮನೆಯ ಕಾಕು ಬಟ್ಟೆ ಒಣಹಾಕುತ್ತಿದ್ದವರು ಕೇಳಿದರು, "ಮೊದಲ ಅಕ್ಷರ ದೊಡ್ಡದೋ ಸಣ್ಣದೋ ಅಣ್ಣಾರ?"