ಗಂಟೆಗೆ ನಾಲ್ಕು ಮೈಲಿ

ನ್ಯಾರೋಬೋಟ್ ಎಂಬುದು ಇಂಗ್ಲೆಂಡಿನ ಕಾಲುವೆಗಳ ಅಳತೆಗೆ ತಕ್ಕಂತೆ ಕಟ್ಟಿದ ದೋಣಿ. ಅಗಲ 6 ಅಡಿ 10 ಇಂಚು. ಉದ್ದ 70 ಅಡಿಯ ಆಸುಪಾಸಿನವರೆಗೆ ಎಷ್ಟಾದರೂ ಇರಬಹುದು. ನಮ್ಮ ಸಾರಿಗೆ ಬಸ್ಸಿಗಿಂತ ಅಗಲದಲ್ಲಿ ಒಂದೂವರೆ ಅಡಿ ಕಡಿಮೆ, ಉದ್ದದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಇಂಥದ್ದನ್ನು ಮನೆ ಎನ್ನುವುದಕ್ಕೆ ಧೈರ್ಯ ಬೇಕು, ವಾಹನ ಎನ್ನುವುದಕ್ಕೆ ಇನ್ನಷ್ಟು ಧೈರ್ಯ ಬೇಕು. ಇಂಗ್ಲಿಷರು ಎರಡನ್ನೂ ಅನ್ನುತ್ತಾರೆ. ಒಳಗೆ ಹಾಸಿಗೆ, ಬಚ್ಚಲು, ಅಡುಗೆಕಟ್ಟೆ, ಕಲ್ಲಿದ್ದಲ ಒಲೆ, ಪುಸ್ತಕದ ಕಪಾಟು ಎಲ್ಲವೂ ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ. ಪಕ್ಕ ಎಂಬ ದಿಕ್ಕೇ ಇಲ್ಲಿಲ್ಲ. ಇರುವುದೆಲ್ಲ ಮುಂದೆ ಅಥವಾ ಹಿಂದೆ. ಇಬ್ಬರು ನಡುದಾರಿಯಲ್ಲಿ ಎದುರಾದರೆ ಒಬ್ಬರು ಹಿಮ್ಮೆಟ್ಟಬೇಕು. ಯಾರು ಎಂಬುದು ಪ್ರವಾಸದ ಮೊದಲ ದಿನವೇ ಇತ್ಯರ್ಥವಾಗಿಬಿಡುತ್ತದೆ.

ಈ ಕಾಲುವೆಗಳ ಕಥೆ ಒಂದು ಮುರಿದ ಮದುವೆಯಿಂದ ಶುರುವಾಗುತ್ತದೆ. ಬ್ರಿಡ್ಜ್‌ವಾಟರ್‌ನ ಮೂರನೆಯ ಡ್ಯೂಕ್ ಫ್ರಾನ್ಸಿಸ್ ಎಗರ್ಟನ್‌ಗೂ ಆ ಕಾಲದ ಹೆಸರಾಂತ ಸುಂದರಿಯೊಬ್ಬಳಿಗೂ ನಿಶ್ಚಯವಾಗಿದ್ದ ಮದುವೆ ತಪ್ಪಿಹೋಯಿತು. ಡ್ಯೂಕ್ ಲಂಡನ್ನಿನ ಸಹವಾಸ ಬಿಟ್ಟು ಮ್ಯಾಂಚೆಸ್ಟರ್ ಬಳಿಯ ವರ್ಸ್ಲಿಯಲ್ಲಿದ್ದ ತನ್ನ ಕಲ್ಲಿದ್ದಲ ಗಣಿಗಳ ಕಡೆ ಬಂದ. ಭಗ್ನಪ್ರೇಮಿಗಳು ಸಾಮಾನ್ಯವಾಗಿ ಕುಡಿಯುತ್ತಾರೆ, ಇಲ್ಲವೇ ಪದ್ಯ ಬರೆಯುತ್ತಾರೆ. ಇವನು ಕಾಲುವೆ ತೋಡಿಸಿದ. 1761ರಲ್ಲಿ ಅದು ತೆರೆಯಿತು, ಕೆಲವೇ ವರ್ಷಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲ ಬೆಲೆ ಅರ್ಧಕ್ಕಿಳಿಯಿತು. ಬೆನ್ನ ಮೇಲೆ ಒಂದೂವರೆ ಕ್ವಿಂಟಲ್ ಹೊರುವುದಕ್ಕೇ ಏದುಸಿರು ಬಿಡುತ್ತಿದ್ದ ಕುದುರೆ, ಈಗ ದಂಡೆಯ ಮೇಲೆ ನಡೆಯುತ್ತ ಹಗ್ಗ ಬಿಗಿದ ದೋಣಿಯಲ್ಲಿ 25 ಟನ್ ಎಳೆಯತೊಡಗಿತು. ನೋಡಿದವರಿಗೆಲ್ಲ ಕಾಲುವೆಯ ಹುಚ್ಚು ಹಿಡಿಯಿತು.

ಡ್ಯೂಕ್‌ನ ಬಳಿ ಕೆಲಸಕ್ಕಿದ್ದ ಜೇಮ್ಸ್ ಬ್ರಿಂಡ್ಲಿ ಗಿರಣಿಯ ಯಂತ್ರಗಳನ್ನು ಕೂರಿಸುತ್ತಿದ್ದ ಕಸುಬುದಾರ. ಓದುಬರಹ ಅಷ್ಟಕ್ಕಷ್ಟೇ, ಲೆಕ್ಕವೆಲ್ಲ ತಲೆಯೊಳಗೇ. ಸಮಸ್ಯೆ ತೀರಾ ಕಠಿಣವಾದರೆ ಹಾಸಿಗೆಯಲ್ಲಿ ಮಲಗಿಬಿಡುತ್ತಿದ್ದ, ಪರಿಹಾರ ಹೊಳೆದ ಮೇಲೆಯೇ ಏಳುತ್ತಿದ್ದ ಎನ್ನುತ್ತಾರೆ. ಈಗಿನ ಎಂಜಿನಿಯರುಗಳಿಗೆ ಆ ಸೌಲಭ್ಯವಿಲ್ಲ. ಕಾಲುವೆಯ ತಳದಿಂದ ನೀರು ಸೋರದಂತೆ ಜೇಡಿಮಣ್ಣನ್ನು ಚೆನ್ನಾಗಿ ನಾದಿ ಮೆತ್ತಿಸುವುದು ಅವನ ಮುಖ್ಯ ವಿದ್ಯೆ. ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ದೊಡ್ಡ ಕಾಲುವೆಯ ಕೆಲಸ 1766ರಲ್ಲಿ ಶುರುವಾದಾಗ, ದೋಣಿಯನ್ನು ಏರಿಸಿ ಇಳಿಸುವ ಲಾಕ್ ಎಂಬ ತೊಟ್ಟಿಯನ್ನು ಅಗಲವಾಗಿ ಕಟ್ಟಿದರೆ ನೀರು ಜಾಸ್ತಿ ಬೇಕು, ಅಗಲವಾದ ಸುರಂಗ ಕೊರೆದರೆ ದುಡ್ಡು ಜಾಸ್ತಿ ಬೇಕು ಎಂದು ಅವನು ಲೆಕ್ಕ ಹಾಕಿ ಲಾಕ್‌ಗಳ ಅಗಲವನ್ನು 7 ಅಡಿಗೆ ನಿಲ್ಲಿಸಿದ. ಕಾಲುವೆ ಮುಗಿದದ್ದು 1777ರಲ್ಲಿ. ಬ್ರಿಂಡ್ಲಿ ಅದಕ್ಕೆ ಐದು ವರ್ಷ ಮೊದಲೇ ತೀರಿಕೊಂಡಿದ್ದ. ಮಧ್ಯ ಇಂಗ್ಲೆಂಡಿನ ಬಹುಪಾಲು ಕಾಲುವೆಗಳು ಅದೇ ಅಳತೆ ಹಿಡಿದವು. ಇವತ್ತಿಗೂ ದೋಣಿಯೊಳಗೆ ಮೊಣಕೈ ಗೋಡೆಗೆ ತಗುಲಿದವರು ಬೈಯಬೇಕಾದ್ದು ಅವನನ್ನೇ.

ವೇಗದ ಮಿತಿ ಗಂಟೆಗೆ 4 ಮೈಲಿ. ಇದು ಮಿತಿ ಮಾತ್ರ. ಆ ವೇಗವನ್ನು ಮುಟ್ಟುವವರು ಅಪರೂಪ. ಕಾಲುವೆಯಲ್ಲಿ ನೀರು ಆಳವಿಲ್ಲದ ಕಾರಣ ಎಂಜಿನ್ನಿಗೆ ಹೆಚ್ಚು ಡೀಸೆಲ್ ಉಣಿಸಿದರೆ ದೋಣಿಯ ಹಿಂಭಾಗ ನೀರಿನೊಳಗೆ ಕುಕ್ಕರಿಸುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ. ಮೇಲೆದ್ದ ಅಲೆ ದಂಡೆಯ ಮಣ್ಣನ್ನು ಕೊಚ್ಚುತ್ತದೆ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕ ಹಾಯುವಾಗಂತೂ ಎಂಜಿನ್ ಬರೀ ಗುಟುರು ಹಾಕುತ್ತಿರಬೇಕು. ಕೊಂಚ ಜೋರಾದರೂ ಒಳಗಿದ್ದವರ ಚಹಾ ಚೆಲ್ಲುತ್ತದೆ, ಕಿಟಕಿಯಿಂದ ಒಂದು ತಲೆ ಹೊರಬರುತ್ತದೆ. ಆ ತಲೆ ಆಡುವ ಮಾತಿಗಿಂತ ಅದರ ನೋಟ ಹೆಚ್ಚು ತೀಕ್ಷ್ಣ. ದಂಡೆಯ ಕಾಲುದಾರಿಯಲ್ಲಿ ಓಟಗಾರರು, ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವ ತಾಯಂದಿರು ದೋಣಿಯನ್ನು ಹಿಂದೆ ಹಾಕಿ ಹೋಗುತ್ತಾರೆ. ಯಾರೂ ಹಾರ್ನ್ ಮಾಡುವುದಿಲ್ಲ.

ದೋಣಿ ನಡೆಸಲು ಬಾಡಿಗೆಗೆ ಬಂದವರಿಂದ ಯಾವ ಪರವಾನಗಿಯನ್ನೂ ಕೇಳುವುದಿಲ್ಲ. ಹದಿನೈದು ಟನ್ನಿನ ಉಕ್ಕನ್ನು ಒಂದಿಷ್ಟು ಹೊತ್ತಿನ ಪಾಠದ ಬಲದ ಮೇಲೆ ಕೈಗೆ ಕೊಟ್ಟು ಶುಭವಾಗಲಿ ಎನ್ನುತ್ತಾರೆ. ನಡೆಸುವವರು ಹಿಂತುದಿಯಲ್ಲಿ ನಿಂತು ಚುಕ್ಕಾಣಿ ಹಿಡಿಯಬೇಕು. ಎಡಕ್ಕೆ ಹೋಗಬೇಕಾದರೆ ಅದನ್ನು ಬಲಕ್ಕೆ ತಳ್ಳಬೇಕು, ಬಲಕ್ಕೆ ಹೋಗಬೇಕಾದರೆ ಎಡಕ್ಕೆ. ತಳ್ಳಿದ ಕೂಡಲೇ ಏನೂ ಆಗುವುದಿಲ್ಲ. ಆದ್ದರಿಂದ ಹೊಸಬರು ಇನ್ನಷ್ಟು ತಳ್ಳುತ್ತಾರೆ. ಅಷ್ಟರಲ್ಲಿ ಮೊದಲು ತಳ್ಳಿದ್ದು ಫಲ ಕೊಡತೊಡಗುತ್ತದೆ; ದೋಣಿ ನಡುಬಿಂದುವಿನ ಮೇಲೆ ತಿರುಗಿ ಮೂತಿ ಒಂದು ದಂಡೆಗೆ, ಬಾಲ ಇನ್ನೊಂದು ದಂಡೆಗೆ ತಗುಲಿ ಕಾಲುವೆಗೆ ಅಡ್ಡಲಾಗಿ ನಿಲ್ಲುತ್ತದೆ. ಬ್ರೇಕ್ ಇಲ್ಲ; ನಿಲ್ಲಿಸಬೇಕೆಂದರೆ ಎಂಜಿನ್ನನ್ನು ಹಿಮ್ಮುಖ ಓಡಿಸಬೇಕು, ಹಾಗೆ ಓಡುವಾಗ ಚುಕ್ಕಾಣಿ ಮಾತು ಕೇಳುವುದಿಲ್ಲ. ಎದುರು ದೋಣಿ ಬಂದರೆ ಬಲಕ್ಕೆ ಸರಿಯಬೇಕೆಂಬುದು ನಿಯಮ. ರಸ್ತೆಯ ಮೇಲೆ ಎಡಕ್ಕೆ ಹೋಗುವುದನ್ನು ರಾಷ್ಟ್ರೀಯ ಸ್ವಾಭಿಮಾನದ ಪ್ರಶ್ನೆ ಮಾಡಿಕೊಂಡಿರುವ ಜನ ನೀರಿಗಿಳಿದೊಡನೆ ಬಲಪಂಥ ಹಿಡಿಯುವುದು ಸೋಜಿಗ.

ಈ ಪ್ರಯಾಣದ ನಿಜವಾದ ಹೃದಯ ಲಾಕ್. ನೆಲ ಏರಿದಲ್ಲಿ ನೀರು ಏರಲಾರದು. ಹಾಗಾಗಿ ಕಾಲುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಂದೊಂದು ಮೆಟ್ಟಿಲಿಗೂ ಇಟ್ಟಿಗೆಯ ಅಥವಾ ಕಲ್ಲಿನ ಒಂದು ತೊಟ್ಟಿ ಕಟ್ಟಿ, ಎರಡೂ ತುದಿಗೆ ಬಾಗಿಲಿಟ್ಟಿದ್ದಾರೆ. ಮೇಲೇರುವ ದೋಣಿ ತಗ್ಗಿನ ಬಾಗಿಲಿನಿಂದ ಖಾಲಿ ತೊಟ್ಟಿಯೊಳಕ್ಕೆ ಬರುತ್ತದೆ. ಹಿಂದಿನ ಬಾಗಿಲು ಹಾಕುತ್ತಾರೆ. ಮೇಲಿನ ಬಾಗಿಲ ಬಳಿಯ ತೂಬು ಎತ್ತುತ್ತಾರೆ. ನೀರು ನುಗ್ಗುತ್ತದೆ, ದೋಣಿ ಏಳುತ್ತದೆ, ನೀರಿನ ಮಟ್ಟ ಎರಡೂ ಕಡೆ ಸಮವಾದಾಗ ಬಾಗಿಲು ತೆರೆಯುತ್ತದೆ. ಸಮವಾಗುವ ಮೊದಲು ಹತ್ತು ಜನ ತಳ್ಳಿದರೂ ತೆರೆಯದು. ಸಮವಾದ ಮೇಲೆ ಒಬ್ಬರು ಬೆನ್ನು ಕೊಟ್ಟು ಒತ್ತಿದರೆ ಸಾಕು. ಇದನ್ನು ತಿಳಿಯದ ಬಾಡಿಗೆಯವರು ಬಾಗಿಲಿನೊಂದಿಗೆ ಸೆಣಸುವುದು ಬೇಸಿಗೆಯ ನಿತ್ಯದ ನೋಟ.

ತೂಬು ಎತ್ತುವುದು ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಕೆಯಿಂದ. ಹಲ್ಲುಚಕ್ರದ ಕಂಬಿಗೆ ಅದನ್ನು ಸಿಕ್ಕಿಸಿ ತಿರುಗಿಸಬೇಕು. ಅದು ಮಣಭಾರದ್ದು, ಕೈಜಾರುವ ಸ್ವಭಾವದ್ದು, ತೇಲದು. ಅನುಭವಿಗಳು ದೋಣಿಯಲ್ಲಿ ಒಂದಲ್ಲ ಮೂರು ಇಟ್ಟುಕೊಂಡಿರುತ್ತಾರೆ, ಜೊತೆಗೆ ಹಗ್ಗದ ತುದಿಗೆ ಕಟ್ಟಿದ ದೊಡ್ಡದೊಂದು ಅಯಸ್ಕಾಂತವನ್ನೂ. ಕಾಲುವೆಯ ತಳದಲ್ಲಿ ಮುಳುಗಿದ ತಮ್ಮ ಹಿಡಿಕೆಗಾಗಿ ಅಯಸ್ಕಾಂತ ಇಳಿಬಿಟ್ಟವರಿಗೆ ಬೇರೆಯವರ ಸೈಕಲ್ಲು ಸಿಗುವುದು ಮಾಮೂಲು.

ಲಾಕ್‌ನಲ್ಲಿ ಕೆಲಸದ ಹಂಚಿಕೆ ಗಮನಿಸಬೇಕಾದ ವಿಷಯ. ಹೆಚ್ಚಿನ ದೋಣಿಗಳಲ್ಲಿ ಗಂಡ ಚುಕ್ಕಾಣಿ ಹಿಡಿದು ದೂರದೃಷ್ಟಿಯ ಮುಖಭಾವದಲ್ಲಿ ನಿಂತಿರುತ್ತಾನೆ. ಹೆಂಡತಿ ದಂಡೆಗೆ ಹಾರಿ, ಹಿಡಿಕೆ ತಿರುಗಿಸಿ, ಟನ್ನುಗಟ್ಟಲೆ ತೂಗುವ ಓಕ್ ಬಾಗಿಲನ್ನು ಅದರ ತೊಲೆಗೆ ಬೆನ್ನು ಕೊಟ್ಟು ತಳ್ಳಿ, ಆಚೆ ದಂಡೆಗೆ ಹೋಗಿ ಇನ್ನೊಂದನ್ನೂ ತಳ್ಳುತ್ತಾಳೆ. ಮೈಬಲ ಬೇಕಾದ ಕೆಲಸ ದಂಡೆಯದ್ದು, ತಾಳ್ಮೆ ಬೇಕಾದ ಕೆಲಸ ಚುಕ್ಕಾಣಿಯದ್ದು ಎಂಬುದನ್ನು ಹಿಡಿದು ನೋಡಿದರೆ ಇಬ್ಬರೂ ಜಾಗ ಬದಲಿಸಿಕೊಳ್ಳಬೇಕು. ಬಲ್ಲವರು ಇದನ್ನು ದಶಕಗಳಿಂದ ಹೇಳುತ್ತಲೇ ಇದ್ದಾರೆ. ಗಂಡಂದಿರಿಗೆ ಎಂಜಿನ್ನಿನ ಸದ್ದಿನಲ್ಲಿ ಅದು ಕೇಳಿಸಿಲ್ಲ.

ಆದರೂ ಚುಕ್ಕಾಣಿಯವರು ಮೈಮರೆಯುವಂತಿಲ್ಲ. ಕೆಳಗಿಳಿಯುವಾಗ ಮೇಲಿನ ಬಾಗಿಲ ಬುಡದಲ್ಲಿ ನೀರಿನಡಿ ಒಂದು ಕಲ್ಲಿನ ಜಗುಲಿ ಅಡಗಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ನೀರು ಇಳಿದಂತೆ ಮೂತಿ ಮಾತ್ರ ಕೆಳಗಿಳಿದು ದೋಣಿಯೇ ಮುಳುಗಬಹುದು. ಅದಕ್ಕೇ ಗೋಡೆಯ ಮೇಲೆ ಎಚ್ಚರಿಕೆಯ ಗೆರೆ ಬಳಿದಿರುತ್ತಾರೆ. ಇಂಗ್ಲೆಂಡಿನ ಕಾಲುವೆಯಲ್ಲಿ ಅವಸರವಿಲ್ಲದೆಯೂ ಅಪಘಾತ ಮಾಡಿಕೊಳ್ಳುವ ಏರ್ಪಾಡಿದೆ.

ಒಂದೊಂದು ಲಾಕ್ ದಾಟುವಾಗಲೂ ಸುಮಾರು ಒಂದು ಲಕ್ಷ ಲೀಟರ್ ನೀರು ತಗ್ಗಿಗೆ ಹೋಗುತ್ತದೆ. ಬರಗಾಲದ ಬೇಸಿಗೆಯಲ್ಲಿ ಕೆಲವು ಕಾಲುವೆಗಳಿಗೆ ಬೀಗ ಬೀಳುವುದು ಇದರಿಂದಲೇ. ಎದುರಿನಿಂದ ದೋಣಿ ಬರುತ್ತಿದ್ದು ಲಾಕ್ ಅದಕ್ಕೆ ಅನುಕೂಲವಾಗಿ ತುಂಬಿದ್ದರೆ ಕಾಯಬೇಕು; ಖಾಲಿ ಮಾಡಿ ತಾನು ನುಗ್ಗಿದವನ ಹೆಸರು ಮುಂದಿನ ಪಬ್ಬಿಗೆ ಅವನಿಗಿಂತ ಮೊದಲೇ ತಲುಪಿರುತ್ತದೆ. ಗ್ರ್ಯಾಂಡ್ ಯೂನಿಯನ್ ಕಾಲುವೆಯ ಹೆಚ್ಚಿನ ಲಾಕ್‌ಗಳು 14 ಅಡಿ ಅಗಲ, ಎರಡು ದೋಣಿ ಜೊತೆಯಾಗಿ ಹೋಗಬಹುದು. ವಾರ್ವಿಕ್ ಬಳಿಯ ಹ್ಯಾಟನ್‌ನಲ್ಲಿ ಅಂಥ 21 ಲಾಕ್‌ಗಳ ಏರು. ಬೆಳಗ್ಗೆ ಬುಡದಲ್ಲಿ ಗುರುತಿಲ್ಲದವರೊಂದಿಗೆ ಜೊತೆಗೂಡಿದರೆ ತುದಿ ಮುಟ್ಟುವಷ್ಟರಲ್ಲಿ ಅವರ ಮಂಡಿನೋವು, ಮಗನ ನೌಕರಿ, ಪಿಂಚಣಿಯ ತಕರಾರು ಎಲ್ಲ ತಿಳಿದಿರುತ್ತದೆ. ಹವಾಮಾನ ಬಿಟ್ಟು ಬೇರೇನೂ ಮಾತಾಡದ ಜನರೆಂದು ಹೆಸರಾದವರ ಬಾಯಿ ಬಿಡಿಸುವುದಕ್ಕೆ 21 ಲಾಕ್ ಸಾಕು. ಡಿವೈಜಸ್ ಊರಿನ ಕೇನ್ ಹಿಲ್‌ನಲ್ಲಿ 29 ಇವೆ, ಅದರಲ್ಲಿ 16 ಗುಡ್ಡದ ಮೈಮೇಲೆ ನೇರ ಸಾಲಾಗಿ. ಎರಡು ಮೈಲಿ ದಾಟಲು ಐದಾರು ಗಂಟೆ. ಟಾರ್ಡೆಬಿಗ್‌ನಲ್ಲಿ 30. ಎಲ್ಲ ಕಡೆಯೂ ದಂಡೆಯ ಮೇಲೆ ಐಸ್‌ಕ್ರೀಮ್ ಹಿಡಿದು ನೋಡುತ್ತ ನಿಲ್ಲುವ ಒಂದು ಜಾತಿಯ ಜನ ಇರುತ್ತಾರೆ. ಅವರು ಯಾರ ನೆರವಿಗೂ ಬರುವುದಿಲ್ಲ; ದೋಣಿ ಗೋಡೆಗೆ ಬಡಿದಾಗ ಮಾತ್ರ ಒಂದು ಹೆಜ್ಜೆ ಮುಂದೆ ಬರುತ್ತಾರೆ.

ದಾರಿ ತಪ್ಪುವುದು ಕಾಲುವೆಯಲ್ಲಿ ಕಷ್ಟ, ಹಿಂತಿರುಗುವುದು ಅದಕ್ಕಿಂತ ಕಷ್ಟ. ದೋಣಿಯ ಉದ್ದ ಕಾಲುವೆಯ ಅಗಲಕ್ಕಿಂತ ಹೆಚ್ಚು. ತಿರುಗಿಸಲೆಂದೇ ಅಲ್ಲಲ್ಲಿ ದಂಡೆಯನ್ನು ಕಡಿದು ಅಗಲ ಮಾಡಿದ ಜಾಗಗಳಿವೆ. ಒಂದು ತಪ್ಪಿದರೆ ಮುಂದಿನದು ಹಲವು ಮೈಲಿ ಆಚೆ ಇರಬಹುದು. ಹಾಲು ಮರೆತವರು ಕರಿ ಚಹಾ ಕುಡಿಯುತ್ತಾರೆ. ಟ್ರೆಂಟ್–ಮರ್ಸಿ ಕಾಲುವೆಯ ಹ್ಯಾರ್‌ಕ್ಯಾಸಲ್ ಸುರಂಗದೊಳಗೆ ಹೋದರೆ ಸುಮಾರು 40 ನಿಮಿಷ ಕತ್ತಲೆ; ಕಬ್ಬಿಣದ ಅಂಶದಿಂದ ಅಲ್ಲಿನ ನೀರಿಗೆ ಕಿತ್ತಳೆ ಬಣ್ಣ. ಹಿಂದೆ ಅನೇಕ ಸುರಂಗಗಳಲ್ಲಿ ದಂಡೆಯ ದಾರಿಯೇ ಇರಲಿಲ್ಲ. ಕುದುರೆ ಬಿಚ್ಚಿಸಿಕೊಂಡು ಗುಡ್ಡ ಹತ್ತಿ ಆಚೆ ಹೋಗುತ್ತಿತ್ತು. ಆಳುಗಳು ದೋಣಿಯ ಮೇಲೆ ಅಂಗಾತ ಮಲಗಿ ಗೋಡೆಯ ಮೇಲೆ ಕಾಲಿನಿಂದ ನಡೆಯುತ್ತ ಅದನ್ನು ತಳ್ಳಿಕೊಂಡು ಹೋಗುತ್ತಿದ್ದರು. ಕುದುರೆಯ ಬದುಕೇ ಮೇಲಾಗಿತ್ತು.

ಪ್ರೊಪೆಲ್ಲರಿಗೆ ಪ್ಲಾಸ್ಟಿಕ್ ಚೀಲ, ಹಳೆ ಹಗ್ಗ, ಯಾರದೋ ಕೋಟು ಸುತ್ತಿಕೊಳ್ಳುವುದು ಊರೊಳಗಿನ ಕಾಲುವೆಗಳ ವಿಶೇಷ. ಎಂಜಿನ್ ನಿಲ್ಲಿಸಿ, ಹಿಂಭಾಗದ ಮುಚ್ಚಳ ತೆಗೆದು, ತಣ್ಣನೆಯ ನೀರಿಗೆ ತೋಳಿನವರೆಗೆ ಕೈಯಿಳಿಸಿ ಬ್ರೆಡ್ ಕೊಯ್ಯುವ ಚಾಕುವಿನಿಂದ ಕತ್ತರಿಸಬೇಕು. ಮುಚ್ಚಳವನ್ನು ಮತ್ತೆ ಬಿಗಿಯದೆ ಹೊರಟವರ ದೋಣಿಗೆ ನೀರು ತುಂಬುತ್ತದೆ. ಶೌಚದ್ದು ಇನ್ನೊಂದು ಅಧ್ಯಾಯ. ತುಂಬಿದ ಡಬ್ಬಿಯನ್ನು ಗೊತ್ತಾದ ಜಾಗಕ್ಕೆ ಹೊತ್ತು ಸುರಿಯಬೇಕೆನ್ನುವ ಪಂಥ ಒಂದು, ದೊಡ್ಡ ಟ್ಯಾಂಕಿಟ್ಟು ಪಂಪಿನಿಂದ ಹೀರಿಸಬೇಕೆನ್ನುವ ಪಂಥ ಇನ್ನೊಂದು. ದ್ವೈತ ಅದ್ವೈತಗಳ ವಾದಕ್ಕೆ ಎಂದಾದರೂ ತೆರೆ ಬೀಳಬಹುದು, ಇದಕ್ಕೆ ಇಲ್ಲ. ಊಟದ ಹೊತ್ತಿನಲ್ಲೂ ಈ ವಾದ ನಡೆಯುತ್ತದೆ.

ಇಷ್ಟೆಲ್ಲ ಕಷ್ಟವನ್ನು ರಜೆ ಎಂದು ಕರೆಯುವ ರೂಢಿ ಬಂದದ್ದು ತೀರಾ ಈಚೆಗೆ. ರೈಲು ಬಂದು ಬಾಡಿಗೆ ಕುಸಿದಾಗ ದೋಣಿಯವರು ದಂಡೆಯ ಮನೆಗಳನ್ನು ಬಿಟ್ಟು ಹೆಂಡತಿ ಮಕ್ಕಳೊಂದಿಗೆ ದೋಣಿಯಲ್ಲೇ ನೆಲೆಸಿದ್ದರು. 10 ಅಡಿ ಉದ್ದ, 7 ಅಡಿಗಿಂತ ಕಡಿಮೆ ಅಗಲದ ಕೋಣೆಯಲ್ಲಿ ಇಡೀ ಸಂಸಾರ. ಬಾಗಿಲ ಮೇಲೂ ನೀರಿನ ಡಬ್ಬಿಯ ಮೇಲೂ ಗುಲಾಬಿ ಹೂವು, ಕೋಟೆಗಳ ಚಿತ್ರ ಬರೆದು ಆ ಇಕ್ಕಟ್ಟಿಗೆ ಬಣ್ಣ ಹಚ್ಚಿದವರು ಅವರೇ. 1948ರಲ್ಲಿ ಕಾಲುವೆಗಳು ಸರ್ಕಾರದ ಕೈಗೆ ಬಂದವು. 1962–63ರ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತಿತು, ಸರಕು ಲಾರಿಗೆ ಹೋಯಿತು, ಮರಳಲಿಲ್ಲ. ಅಷ್ಟರಲ್ಲಿ ಟಾಮ್ ರೋಲ್ಟ್ ತಮ್ಮ ‘ಕ್ರೆಸ್ಸಿ’ ದೋಣಿಯ ಪ್ರವಾಸವನ್ನು ಕುರಿತು 1944ರಲ್ಲಿ ಒಂದು ಪುಸ್ತಕ ಹೊರತಂದಿದ್ದರು. ಅದನ್ನು ಓದಿದ ರಾಬರ್ಟ್ ಐಕ್‌ಮನ್ 1945ರಲ್ಲಿ ಟಾರ್ಡೆಬಿಗ್‌ಗೆ ಬಂದು ಅವರನ್ನು ಕಂಡರು. ಮರುವರ್ಷ ಕಾಲುವೆ ಉಳಿಸುವ ಸಂಘ ಹುಟ್ಟಿತು. ಎಲ್ಲ ಕಾಲುವೆಗಳನ್ನೂ ಉಳಿಸಬೇಕೋ, ಮುಖ್ಯವಾದವನ್ನು ಮೊದಲು ಉಳಿಸಬೇಕೋ ಎಂಬ ಜಗಳದಲ್ಲಿ 1951ರಲ್ಲಿ ಸಂಘ ರೋಲ್ಟ್ ಅವರನ್ನೇ ಹೊರಹಾಕಿತು. ಸಂಘ ಕಟ್ಟಿ ಗೊತ್ತಿರುವ ಕನ್ನಡಿಗರಿಗೆ ಇದರಲ್ಲಿ ಹೊಸದೇನೂ ಕಾಣಿಸದು. ಕಾಲುವೆಗಳು ಮಾತ್ರ ಉಳಿದವು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಕಾಯಂ ತಂಗುದಾಣವಿಲ್ಲದ ದೋಣಿಯಲ್ಲೇ ಬದುಕುವವರು ಒಂದೆಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಲಂಡನ್ನಿನ ಮನೆಬಾಡಿಗೆ ಕೇಳಿ ನೀರಿಗಿಳಿದವರು ಹೀಗೆ ಎರಡು ವಾರಕ್ಕೊಮ್ಮೆ ಮನೆಯನ್ನೇ ನಡೆಸಿಕೊಂಡು ಆಫೀಸಿನಿಂದ ದೂರವೋ ಹತ್ತಿರವೋ ಆಗುತ್ತಿರುತ್ತಾರೆ.

ಪ್ರಯಾಣಕ್ಕೆ ಎಷ್ಟು ಹೊತ್ತು ಬೇಕೆಂದು ತಿಳಿಯಲು ಒಂದು ಲೆಕ್ಕವಿದೆ. ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿ ಮೂರರಿಂದ ಭಾಗಿಸಿದರೆ ಗಂಟೆಗಳು ಬರುತ್ತವೆ. ವಯಸ್ಸು ಚಿಕ್ಕದಾಗಿದ್ದರೆ ನಾಲ್ಕರಿಂದ ಭಾಗಿಸಬಹುದು. ಗ್ರ್ಯಾಂಡ್ ಯೂನಿಯನ್ ಹಿಡಿದು ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್‌ಗೆ 137 ಮೈಲಿ, 166 ಲಾಕ್. ಅಂದರೆ 101 ಗಂಟೆ. ದಿನಕ್ಕೆ ಏಳೆಂಟು ಗಂಟೆಯಂತೆ ಎರಡು ವಾರ. ರೈಲು ಅದೇ ಊರಿಗೆ ಒಂದೂವರೆ ಗಂಟೆಯೊಳಗೆ ತಲುಪಿಸುತ್ತದೆ. ಈ ನಿಧಾನಕ್ಕೂ ಪ್ರೇಕ್ಷಕರಿದ್ದಾರೆ: 2015ರಲ್ಲಿ ಬಿಬಿಸಿ ಫೋರ್ ವಾಹಿನಿ ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ದೋಣಿಯೊಂದು ಹೋಗುವುದನ್ನು ಮಾತಿಲ್ಲದೆ, ಸಂಗೀತವಿಲ್ಲದೆ ಎರಡು ಗಂಟೆ ಇದ್ದದ್ದಿದ್ದಂತೆ ತೋರಿಸಿತು. ಸುಮಾರು ಐದು ಲಕ್ಷ ಜನ ನೋಡಿದರು. ಕಥೆಯಲ್ಲಿ ತಿರುವು ಬರುವುದು ಕಾಲುವೆ ತಿರುಗಿದಲ್ಲಿ ಮಾತ್ರ.

ನವೆಂಬರಿನಿಂದ ಮಾರ್ಚಿನವರೆಗೆ ದುರಸ್ತಿಯ ಕಾಲ. ಲಾಕ್‌ಗಳನ್ನು ಬತ್ತಿಸಿ, ಇಪ್ಪತ್ತೈದು ವರ್ಷದಷ್ಟು ಬಾಳಿದ ಓಕ್ ಬಾಗಿಲುಗಳನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ. ಎಲ್ಲೆಲ್ಲಿ, ಯಾವಾಗ ದಾರಿ ಬಂದ್ ಎಂಬ ಪಟ್ಟಿ ಮೊದಲೇ ಹೊರಬೀಳುತ್ತದೆ. ಅದನ್ನು ಓದದೆ ಹೊರಟವರು ಮುಂದೊಂದು, ಹಿಂದೊಂದು ಖಾಲಿ ಲಾಕ್‌ಗಳ ನಡುವೆ ಸಿಕ್ಕಿಕೊಂಡು ಕೆಲಸ ಮುಗಿಯುವವರೆಗೆ ಅಲ್ಲೇ ಗೂಟ ಹೊಡೆದು ಕೂರಬೇಕಾಗುತ್ತದೆ. ಅಂಥವರು ಕಲ್ಲಿದ್ದಲನ್ನು ಸಾಕಷ್ಟು ತುಂಬಿಕೊಂಡಿದ್ದರೆ ಕ್ಷೇಮ.